ಮಾಲೆ ಹಾಕಿದಾಗ ಬಿಟ್ಟ ಸಿಗರೇಟು, ಮಾಲೆ ತೆಗೆದ ಸಂಜೆ ಯಾಕೆ ವಾಪಸ್ ಬರುತ್ತದೆ?

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಬಳ್ಳಾರಿ ಕೌಲ್‌ಬಜಾರ್‌ನಲ್ಲಿ ಚಿಕ್ಕದೊಂದು ಜೀನ್ಸ್ ಹೊಲಿಗೆ ಯೂನಿಟ್ ನಡೆಸುತ್ತೇನೆ. ಇಪ್ಪತ್ತು ವರ್ಷದಿಂದ ಸಿಗರೇಟು ಸೇದುತ್ತಿದ್ದೇನೆ, ದಿನಕ್ಕೆ ಹನ್ನೆರಡರಿಂದ ಹದಿನೈದು. ಬಿಪಿ ಮಾತ್ರೆ ನಡೆದಿದೆ. ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತೇನೆ. ಆ 41 ದಿನ ಒಂದೂ ಸೇದುವುದಿಲ್ಲ, ಮೊದಲ ವಾರ ಬಿಟ್ಟರೆ ಕಷ್ಟವೂ ಅನಿಸುವುದಿಲ್ಲ. ಆದರೆ ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆ ಗೆಳೆಯರ ಜತೆ ಚಹಾ ಅಂಗಡಿಗೆ ಹೋದರೆ ಒಂದು ಹಚ್ಚಿಯೇ ಬಿಡುತ್ತೇನೆ. ವಾರದಲ್ಲಿ ಮತ್ತೆ ಹಳೇ ಲೆಕ್ಕ. ನಿಮಗೆ ಮನಸ್ಸು ಗಟ್ಟಿ ಇಲ್ಲ ಅಂತ ಮನೆಯವಳು ಹೇಳುತ್ತಾಳೆ. ಒಂದೇ ಸಲಕ್ಕೆ ಬಿಟ್ಟರೆ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಕೆಲವರು ಹೆದರಿಸುತ್ತಾರೆ. ನಮ್ಮ ಭಾವ ಸಿಗರೇಟು ಬಿಟ್ಟ ಎರಡು ತಿಂಗಳಿಗೆ ಹಾಗೇ ಹೋದರು. ದಿನಕ್ಕೆ ಎರಡು ಮೂರಕ್ಕೆ ಇಳಿಸಿಕೊಂಡರೆ ಸಾಕಲ್ವಾ? ಬೆಳಿಗ್ಗೆ ಒಂದು ಸೇದದಿದ್ದರೆ ಮೋಶನ್ ಕೂಡ ಸರಿಯಾಗಿ ಆಗುವುದಿಲ್ಲ. ಮುಂದಿನ ಮಾಲೆವರೆಗೆ ಕಾದು ಆಗಲೇ ಬಿಡಲೋ, ಈಗಲೇ ಮಾತ್ರೆ, ಗಮ್ ಅಂತ ಏನಾದರೂ ತಗೊಳ್ಳಲೋ? ಇನ್ನೊಂದು ವಿಷಯ. ತಂದೆಗೆ 70 ದಾಟಿದೆ, ದಮ್ಮಿನ ಕಾಯಿಲೆ ಇದೆ, ಮಾತ್ರೆ ನುಂಗುತ್ತಾರೆ. ಬೀಡಿ ಮಾತ್ರ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ಬಿಡಿಸಿ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೊದಲು ಮನಸ್ಸಿನ ವಿಷಯ ಇತ್ಯರ್ಥ ಮಾಡಿಬಿಡೋಣ. ವರ್ಷಕ್ಕೊಮ್ಮೆ 41 ದಿನ ಸಿಗರೇಟು, ಕುಡಿತ, ಮಾಂಸ ಎಲ್ಲ ಬಿಟ್ಟು, ನೆಲದ ಮೇಲೆ ಮಲಗಿ, ಚಳಿಯಲ್ಲಿ ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳುವ ಮನುಷ್ಯನಿಗೆ ಮನಸ್ಸು ಗಟ್ಟಿ ಇಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಸಿಗರೇಟು ಬಿಡುವುದು ಹೇಗೆ ಅಂತ ನಿಮಗೆ ಚೆನ್ನಾಗಿ ಗೊತ್ತಿದೆ. ಬಿಟ್ಟ ಮೇಲೆ ಬಿಟ್ಟಂತೆಯೇ ಇರುವುದು ಇನ್ನೊಂದು ಕೆಲಸ. ಆ ಕೆಲಸಕ್ಕೆ ನೀವು ಇನ್ನೂ ಕೈಯೇ ಹಾಕಿಲ್ಲ.

ನಮ್ಮ ಕಡೆ ಇದು ಮನೆಮನೆ ಕಥೆ. ಸಂಕ್ರಾಂತಿ ಮುಗಿದ ಮೇಲೆ ನಿಮ್ಮಂಥವರು ನಮ್ಮ ಓಪಿಡಿಗೆ ಬರುತ್ತಾರೆ. ಶ್ರಾವಣದಲ್ಲಿ ಬಿಟ್ಟು ಗಣೇಶನ ಹಬ್ಬಕ್ಕೆ ಶುರು ಮಾಡುವವರಿದ್ದಾರೆ. ರಂಜಾನ್‌ನಲ್ಲಿ ಹಗಲೆಲ್ಲ ಮುಟ್ಟದೆ, ಇಫ್ತಾರ್‌ನ ಖರ್ಜೂರ ಬಾಯಲ್ಲಿರುವಾಗಲೇ ಕಡ್ಡಿಪೆಟ್ಟಿಗೆ ಹುಡುಕುವವರೂ ಇದ್ದಾರೆ. ಇವರೆಲ್ಲರಿಗೂ ಬಿಡುವ ಶಕ್ತಿ ಇದೆ. ತೊಡಕಿರುವುದು ಬೇರೆ ಕಡೆ.

41 ದಿನದಲ್ಲಿ ಮೈಯೊಳಗೆ ಆಗುವುದು

ಸಿಗರೇಟಿನ ನಿಕೋಟಿನ್ ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿಗೆ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಕಿರಿಕಿರಿ, ಮತ್ತೆ ಒಂದು, ಮತ್ತೆ ಇಳಿತ. ದಿನಕ್ಕೆ ಹದಿನೈದು ಹೇಗಾಗುತ್ತದೆ ಅಂತ ಯಾರೂ ಲೆಕ್ಕ ಹಾಕಿ ಸೇದುವುದಿಲ್ಲ. ಮೈ ತಾನೇ ಲೆಕ್ಕ ಹಾಕಿಕೊಂಡು ಕೇಳುತ್ತದೆ. ಸೇದುವವರ ಮಿದುಳಿನಲ್ಲಿ ನಿಕೋಟಿನ್ ಹಿಡಿದುಕೊಳ್ಳುವ ಜಾಗಗಳ ಸಂಖ್ಯೆಯೂ ಬರಬರುತ್ತಾ ಜಾಸ್ತಿ ಆಗಿರುತ್ತದೆ.

ಬಿಟ್ಟಾಗ ಮೊದಲ ಎರಡು ಮೂರು ದಿನ ಭಾರಿ ಕಷ್ಟ. ಸಿಟ್ಟು, ನಿದ್ದೆ ಬಾರದಿರುವುದು, ತಲೆಭಾರ, ಹಸಿವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಎರಡರಿಂದ ನಾಲ್ಕು ವಾರದಲ್ಲಿ ಇದು ಬಹುಪಾಲು ತಣ್ಣಗಾಗುತ್ತದೆ. ಜಾಸ್ತಿಯಾಗಿದ್ದ ಆ ಜಾಗಗಳು ಮಾಮೂಲಿ ಮಟ್ಟಕ್ಕೆ ಬರಲು ಹೆಚ್ಚುಕಡಿಮೆ ಆರರಿಂದ ಹನ್ನೆರಡು ವಾರ ಬೇಕು. ನಿಮ್ಮ 41 ದಿನ ಅಂದರೆ ಸುಮಾರು ಆರು ವಾರ. ಮಾಲೆ ತೆಗೆಯುವ ಹೊತ್ತಿಗೆ ಕಷ್ಟದ ದಾರಿ ಬಹುತೇಕ ದಾಟಿರುತ್ತೀರಿ. ಆ ಸಂಜೆ ನೀವು ಹಚ್ಚುವ ಸಿಗರೇಟು ಮೈ ಕೇಳಿದ್ದಲ್ಲ. ಅದನ್ನು ಕೇಳುವುದು ಚಹಾ ಅಂಗಡಿ, ಗೆಳೆಯರು, ಆ ಹೊತ್ತು.

ಮಾಲೆ ಹಾಕಿದಾಗ ಯಾಕೆ ಅಷ್ಟು ಸುಲಭ ಅನಿಸುತ್ತದೆ, ಯೋಚಿಸಿ ನೋಡಿ. ಭಕ್ತಿ ಇದೆ, ಸರಿ. ಅದರ ಜತೆಗೆ ದಿನವೇ ಬದಲಾಗಿರುತ್ತದೆ. ಎದ್ದ ಕೂಡಲೇ ಕೈ ಹೋಗುವುದು ಪ್ಯಾಕಿಗಲ್ಲ, ಸ್ನಾನದ ಚೊಂಬಿಗೆ. ಕಪ್ಪು ಅಂಗಿಯ ಜೇಬಿನಲ್ಲಿ ಪ್ಯಾಕ್ ಇಲ್ಲ, ಲೈಟರ್ ಇಲ್ಲ. ಸಂಜೆ ಪೂಜೆ, ಭಜನೆ ಇರುತ್ತದೆ. ಭಾನುವಾರದ ಪಾರ್ಟಿ ಬಂದ್. ದಿನವೂ ಸಿಗರೇಟು ಚಾಚುತ್ತಿದ್ದ ಗೆಳೆಯನೇ ಈಗ ‘ಸ್ವಾಮಿ’ ಅಂತ ಕರೆದು ಎದ್ದು ದೂರ ಹೋಗಿ ಸೇದುತ್ತಾನೆ. ಸಿಗರೇಟು ನೆನಪಿಸುವ ಒಂದೊಂದು ಗಳಿಗೆಯನ್ನೂ ವ್ರತವೇ ಎತ್ತಿ ಪಕ್ಕಕ್ಕಿಟ್ಟಿರುತ್ತದೆ. ವ್ಯಸನ ಬಿಡಿಸಲು ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾವು ಡಾಕ್ಟರುಗಳು ಮಾಡಿಕೊಡಲು ಆಗುವುದಿಲ್ಲ.

ಆದರೆ ಅದಕ್ಕೆ ಕೊನೆಯ ತಾರೀಖು ಇದೆ. ‘ಇಷ್ಟು ದಿನ ಅಷ್ಟೇ’ ಅಂತ ಮನಸ್ಸು ಮೊದಲ ದಿನವೇ ಒಪ್ಪಂದ ಮಾಡಿಕೊಂಡಿರುತ್ತದೆ. ಕೊನೆಯ ವಾರದಲ್ಲಿ ನಿಮಗೇ ಗೊತ್ತಿಲ್ಲದೆ ಆ ಸಂಜೆಯ ಚಹಾವನ್ನು ಎದುರು ನೋಡುತ್ತಿರುತ್ತೀರಿ. ಮಾಲೆ ತೆಗೆದ ಕೂಡಲೇ ಎಲ್ಲ ನೆನಪುಗಳೂ ಒಟ್ಟಿಗೆ ವಾಪಸ್ ಬರುತ್ತವೆ. ಅದೇ ಅಂಗಡಿ, ಅದೇ ಬೆಂಚು, ಅದೇ ನಾಲ್ಕು ಜನ. ಇಪ್ಪತ್ತು ವರ್ಷದ ಚಟ ಬೂದಿ ಮುಚ್ಚಿದ ಕೆಂಡ. ಒಂದು ಸಿಗರೇಟು ಸಾಕು, ಬೂದಿ ಹಾರಿಹೋಗುತ್ತದೆ. ‘ಒಂದೇ ಒಂದು ಸಾರ್, ಅದರಿಂದ ಏನಾಗ್ತೈತಿ’ ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಒಂದು ಮಾರನೇ ದಿನದ ಎರಡಕ್ಕೆ ಅಪ್ಪಣೆ ಕೊಡುತ್ತದೆ.

ನಿಮ್ಮ ಹೆದರಿಕೆಗಳು

ಒಂದೇ ಸಲಕ್ಕೆ ಬಿಟ್ಟರೆ ಹೃದಯಾಘಾತ ಆಗುತ್ತದೆ ಅನ್ನುವುದು ಸುಳ್ಳು. ನೀವೇ ಪ್ರತಿ ವರ್ಷ ಒಂದೇ ಸಲಕ್ಕೆ ಬಿಡುತ್ತಿದ್ದೀರಿ, ಅಲ್ವಾ? ಬಿಟ್ಟ ಒಂದೆರಡು ದಿನದಲ್ಲೇ ರಕ್ತದಲ್ಲಿ ಸೇರಿಕೊಂಡಿದ್ದ ಕಾರ್ಬನ್ ಮೊನಾಕ್ಸೈಡ್ ಇಳಿದು, ಆಮ್ಲಜನಕಕ್ಕೆ ಜಾಗ ಸಿಗುತ್ತದೆ. ಸುಮಾರು ಒಂದು ವರ್ಷಕ್ಕೆ, ಸಿಗರೇಟಿನಿಂದ ಬಂದಿದ್ದ ಹೆಚ್ಚುವರಿ ಹೃದಯದ ಅಪಾಯ ಅರ್ಧದಷ್ಟು ಕಡಿಮೆಯಾಗುತ್ತದೆ. ಒಮ್ಮೆ ಹೃದಯಾಘಾತ ಆದವರು ಕೂಡ ಆಮೇಲೆ ಸಿಗರೇಟು ಬಿಟ್ಟರೆ ಸಾವಿನ ಅಪಾಯ ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ.

ಹಾಗಾದರೆ ನಿಮ್ಮ ಭಾವನವರಿಗೆ ಯಾಕೆ ಹಾಗಾಯಿತು? ಅವರ ರಿಪೋರ್ಟು ನೋಡದೆ ಅವರ ಬಗ್ಗೆ ಹೇಳುವುದು ಸರಿಯಲ್ಲ. ಸಾಮಾನ್ಯವಾಗಿ ನಡೆಯುವುದನ್ನು ಹೇಳುತ್ತೇನೆ. ಬಹಳ ಜನ ಸಿಗರೇಟು ಬಿಡುವುದೇ ಮೈ ಸರಿ ಇಲ್ಲ ಅನಿಸಿದಾಗ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ಎಡಗೈ ಸೆಳೆಯುತ್ತದೆ, ಗ್ಯಾಸ್ ಇರಬೇಕು ಅಂದುಕೊಂಡು ಸುಮ್ನಾಗುತ್ತಾರೆ. ಒಳಗೊಳಗೇ ಹೆದರಿ ಸಿಗರೇಟು ಮಾತ್ರ ಬಿಡುತ್ತಾರೆ, ಡಾಕ್ಟರ ಹತ್ತಿರ ಹೋಗುವುದಿಲ್ಲ. ರಕ್ತನಾಳದೊಳಗೆ ಇಪ್ಪತ್ತು ವರ್ಷ ಕಟ್ಟಿಕೊಂಡದ್ದು ಎರಡು ತಿಂಗಳಿಗೆ ಕರಗುವುದಿಲ್ಲ. ಆಮೇಲೆ ಅಪವಾದ ಬರುವುದು ಬಿಟ್ಟಿದ್ದರ ಮೇಲೆ. ನಿಮಗೆ ಬಿಪಿ ಇದೆ, ಮನೆಯಲ್ಲಿ ಇಂಥ ಸಾವಾಗಿದೆ, ವಯಸ್ಸು ನಲವತ್ತು ದಾಟಿದೆ. ಒಂದು ಇಸಿಜಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ನಡೆದಾಗ ಎದೆ ಹಿಡಿಯುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ.

ಎರಡು ಮೂರಕ್ಕೆ ಇಳಿಸಿದರೆ ಸಾಕೇ? ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕದಲ್ಲಿ ಸ್ವಲ್ಪ ಉಪಯೋಗ ಇದೆ. ಹೃದಯ ಈ ಲೆಕ್ಕ ಕೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಸೇದುವವರಿಗೆ ಎಷ್ಟು ಹೆಚ್ಚುವರಿ ಅಪಾಯ ಇದೆಯೋ, ದಿನಕ್ಕೆ ಒಂದೇ ಸೇದುವವರಿಗೂ ಅದರ ಅರ್ಧದ ಹತ್ತಿರ ಹತ್ತಿರ ಇದೆ. ಮತ್ತೆ ಇಳಿಸಿದವರು ಸೇದುವ ರೀತಿ ಗಮನಿಸಿದ್ದೀರಾ? ಕೆನ್ನೆ ಒಳಗೆ ಹೋಗುವಷ್ಟು ಎಳೆದು, ಬೆರಳು ಸುಡುವವರೆಗೆ ಬಿಡುವುದಿಲ್ಲ. ‘ಲೈಟ್’ ಸಿಗರೇಟಿನ ಕಥೆಯೂ ಇದೇ. ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ದಿನ ಗೊತ್ತು ಮಾಡಿ ಒಮ್ಮೆಲೇ ಬಿಟ್ಟವರಲ್ಲಿ ನಾಲ್ಕು ವಾರದ ನಂತರ 100ಕ್ಕೆ 49 ಜನ ಸೇದದೆ ಉಳಿದಿದ್ದರು. ಎರಡು ವಾರ ಇಳಿಸುತ್ತಾ ಬಂದು ಬಿಟ್ಟವರಲ್ಲಿ 39. ಒಮ್ಮೆಲೇ ಬಿಡುವುದು ನಿಮಗೆ ಅಭ್ಯಾಸವೂ ಇದೆ. ಅದೇ ದಾರಿ ಹಿಡಿಯಿರಿ.

ಮೋಶನ್ ವಿಷಯ ಹೇಳಲು ಜನ ನಾಚಿಕೊಳ್ಳುತ್ತಾರೆ. ನೀವು ಕೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ಸ್ವಲ್ಪ ನಿಜ ಇದೆ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟ ಮೊದಲ ಒಂದೆರಡು ವಾರ ಮಲಬದ್ಧತೆ ಆಗಬಹುದು. ಆದರೆ ಮಾಲೆಯ 41 ದಿನ ಹೊಟ್ಟೆ ಹೇಗೆ ನಡೆಯಿತು? ನಡೆದೇ ನಡೆಯಿತು. ಬೆಳಿಗ್ಗೆ ಎದ್ದು ಎರಡು ಲೋಟ ಬಿಸಿನೀರು ಕುಡಿಯಿರಿ. ಜೋಳದ ರೊಟ್ಟಿ, ಸೊಪ್ಪು, ಕಾಳಿನ ಪಲ್ಯ ತಿನ್ನಿ. ನಮ್ಮೂರಿನ ಬಿಸಿಲಿಗೆ ದಿನಕ್ಕೆ ಮೂರು ಲೀಟರಿಗೆ ಕಡಿಮೆ ನೀರು ಸಾಲದು. ಅಷ್ಟಕ್ಕೂ ಆಗದಿದ್ದರೆ ಕೆಲವು ದಿನ ಇಸಬಗೋಲು ಸಾಕು.

ನೀವು ಕೇಳಲಿಲ್ಲ, ಆದರೂ ಟೆನ್ಶನ್ ಬಗ್ಗೆ ಒಂದು ಮಾತು. ಪಾರ್ಟಿಯಿಂದ ಪೇಮೆಂಟ್ ಬಂದಿಲ್ಲ, ಕರೆಂಟ್ ಹೋಗಿದೆ, ನಾಳೆ ಮಾಲು ಕಳಿಸಬೇಕು. ಆಗ ಒಂದು ಸೇದಿದರೆ ತಲೆ ಹಗುರ ಆಗುತ್ತದೆ ಅನ್ನುತ್ತಾರೆ. ಹಗುರ ಆಗುವುದು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದು ಹುಟ್ಟಿದ ಕಿರಿಕಿರಿ ಮಾತ್ರ. ಪೇಮೆಂಟ್ ಬಾರದ ಟೆನ್ಶನ್ ಹಾಗೇ ಇರುತ್ತದೆ. ಬಿಟ್ಟು ಕೆಲವು ತಿಂಗಳಾದವರನ್ನು ಪರೀಕ್ಷಿಸಿದರೆ ಅವರ ಆತಂಕ, ಬೇಸರ ಸೇದುತ್ತಿದ್ದಾಗಿಗಿಂತ ಕಡಿಮೆಯೇ ಇರುತ್ತದೆ.

ಮಾಲೆವರೆಗೆ ಕಾಯಬೇಡಿ

ಕಾರ್ತಿಕ ಬರುವವರೆಗೆ ಸೇದುವ ಒಂದೊಂದು ತಿಂಗಳಿಗೂ ದಿನಕ್ಕೆ ಹದಿನೈದರಂತೆ ನಾನೂರೈವತ್ತು ಸಿಗರೇಟು. ಅದು ಬೇಡ. ಮುಂದಿನ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ. ದೊಡ್ಡ ಆರ್ಡರ್ ಇರುವ ವಾರ ಬೇಡ, ಮದುವೆ ಇರುವ ವಾರವೂ ಬೇಡ. ಈ ಸಲ ಔಷಧಿಯ ಸಹಾಯ ತಗೊಳ್ಳಿ. ಯಾವ ಸಹಾಯವೂ ಇಲ್ಲದೆ ಬಿಟ್ಟವರಲ್ಲಿ ಆರು ತಿಂಗಳು, ವರ್ಷ ದಾಟುವವರು 100ರಲ್ಲಿ ಮೂರರಿಂದ ಐದು ಜನ ಅಷ್ಟೇ. ಔಷಧಿ ತಗೊಂಡರೆ ಗಂಡಸ್ತನಕ್ಕೆ ಕಡಿಮೆ ಅನ್ನುವ ಭಾವನೆ ನಮ್ಮಲ್ಲಿದೆ. ಬಿಪಿಗೆ ಮಾತ್ರೆ ನುಂಗುವಾಗ ಇಲ್ಲದ ನಾಚಿಕೆ ಇದಕ್ಕೆ ಯಾಕೆ?

ನಿಕೋಟಿನ್ ಗಮ್ ಎಲ್ಲರೂ ಕೇಳಿರುವುದು. ಬಹುತೇಕರು ತಪ್ಪಾಗಿ ಬಳಸಿ, ‘ಅದರಿಂದ ಏನೂ ಆಗಲಿಲ್ಲ’ ಅನ್ನುವುದೂ ಇದರ ಬಗ್ಗೆಯೇ. 2 ಮಿಲಿಗ್ರಾಮಿನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. 4 ಮಿಲಿಗ್ರಾಮಿಗೆ ಡಾಕ್ಟರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಬೇಕಾಗುತ್ತದೆ. ನಿಮ್ಮ ಬೆಳಗಿನ ಕಥೆ ಕೇಳಿದರೆ ನೀವು ಆ ಸಾಲಿನವರೇ.

ಇದನ್ನು ಬಬಲ್ ಗಮ್ ಹಾಗೆ ಜಗಿಯಬಾರದು. ಬಾಯಿಗೆ ಹಾಕಿ ನಿಧಾನಕ್ಕೆ ಹತ್ತು ಹದಿನೈದು ಸಲ ಕಚ್ಚಿ. ಮೆಣಸಿನಂಥ ಖಾರ, ಸಣ್ಣಗೆ ಚುರುಗುಟ್ಟುವುದು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಕೊಳ್ಳಿ. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ನಾಲ್ಕು ಸಲ ಕಚ್ಚಿ, ಈಗ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಕೆನ್ನೆಯ ತೊಗಲಿನಿಂದ. ಜೋರಾಗಿ ಜಗಿದು ಉಗುಳು ನುಂಗಿದರೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಚಹಾ, ಕಾಫಿ, ಮಜ್ಜಿಗೆ, ನಿಂಬೆ ಶರಬತ್ತು ಕುಡಿದ ಕಾಲು ಗಂಟೆವರೆಗೆ ಗಮ್ ಹಾಕಬೇಡಿ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಹೋಗುವುದಿಲ್ಲ. ನಮ್ಮ ಜನ ಚಹಾ ಕುಡಿಯುತ್ತಾ ಗಮ್ ಜಗಿದು, ಆಮೇಲೆ ಬೈಯುವುದು ಕಂಪನಿಯವರನ್ನು! ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸುವುದು. ದವಡೆ ನೋಯಬಹುದು. ಹಲ್ಲುಸೆಟ್ ಇದ್ದವರಿಗೆ ಆಗಿಬರುವುದಿಲ್ಲ.

ನಿಕೋಟಿನ್ ಪಟ್ಟಿ ಬೆಳಿಗ್ಗೆ ತೋಳಿಗೆ ಅಂಟಿಸಿಕೊಂಡರೆ ದಿನವಿಡೀ ಸ್ವಲ್ಪ ಸ್ವಲ್ಪವೇ ನಿಕೋಟಿನ್ ಬಿಡುತ್ತದೆ. ಪಟ್ಟಿಯ ಜತೆಗೆ, ತಲುಬು ಜೋರಾದಾಗ ಮಾತ್ರ ಗಮ್. ಈ ಜೋಡಿ ಒಂದನ್ನೇ ಬಳಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಬೆವರಿಗೆ ಪಟ್ಟಿ ಕಿತ್ತುಬರುತ್ತದೆ. ಸ್ನಾನ ಮಾಡಿ ಚೆನ್ನಾಗಿ ಒರೆಸಿಕೊಂಡು, ಎಣ್ಣೆ ಪೌಡರ್ ಇಲ್ಲದ ಜಾಗಕ್ಕೆ ಹಾಕಿ. ದಿನಾ ಜಾಗ ಬದಲಿಸಿ, ಇಲ್ಲದಿದ್ದರೆ ತುರಿಕೆ. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆದಿಡಿ. ಇದರಲ್ಲೂ ನಿಕೋಟಿನ್ ಇದೆಯಲ್ಲ, ಮತ್ತೇನು ಬಂತು ಅಂತ ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್, ನಿಜ. ಆದರೆ ಕ್ಯಾನ್ಸರ್, ಹೃದಯ, ಶ್ವಾಸಕೋಶದ ಕಾಯಿಲೆ ತರುವುದು ಮುಖ್ಯವಾಗಿ ಹೊಗೆ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಎದೆಬಡಿತದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮಾತ್ರೆಗಳಲ್ಲಿ ಎರಡು ಮುಖ್ಯ. ಎರಡಕ್ಕೂ ಚೀಟಿ ಬೇಕು, ಎರಡನ್ನೂ ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರು ಮಾಡಬೇಕು. ಬುಪ್ರೋಪಿಯಾನ್ ಬಿಪಿ ಏರಿಸಬಹುದು. ಫಿಟ್ಸ್ ಇದ್ದವರಿಗೆ ಕೊಡುವಂತಿಲ್ಲ, ಜಾಸ್ತಿ ಕುಡಿಯುವವರಿಗೂ ಅಪಾಯ. ಆದ್ದರಿಂದ ನಿಮಗೆ ಅದನ್ನು ನಾನು ಮೊದಲು ಆರಿಸುವುದಿಲ್ಲ. ವರೆನಿಕ್ಲಿನ್ ಈಗಿರುವ ಔಷಧಿಗಳಲ್ಲಿ ಒಂಟಿಯಾಗಿ ಬಲವಾದದ್ದು. ಅದು ತಲುಬು ತಗ್ಗಿಸುತ್ತದೆ, ನಡುವೆ ಸೇದಿದರೂ ಸಿಗರೇಟು ಸಪ್ಪೆ ಅನಿಸುತ್ತದೆ. ಸುಮಾರು ಹತ್ತರಲ್ಲಿ ಮೂರು ಜನಕ್ಕೆ ವಾಕರಿಕೆ ಬರುತ್ತದೆ. ಊಟದ ನಂತರ ಒಂದು ಲೋಟ ನೀರಿನ ಜತೆ ನುಂಗಿದರೆ ಕಡಿಮೆ. ವಿಚಿತ್ರ ಕನಸು ಬೀಳಬಹುದು. ತಲೆ ಕೆಡುತ್ತದೆ, ಆತ್ಮಹತ್ಯೆ ಯೋಚನೆ ಬರುತ್ತದೆ ಅನ್ನುವ ಎಚ್ಚರಿಕೆ ಮೊದಲು ಇತ್ತು. 2016ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಅದು ಹಾಗೆ ಕಾಣಲಿಲ್ಲ. ಆದರೂ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಕೋರ್ಸ್ ಹನ್ನೆರಡು ವಾರ. ನಾಲ್ಕನೇ ವಾರಕ್ಕೆ ಚೆನ್ನಾಗಿದ್ದೇನೆ ಅಂತ ನಿಲ್ಲಿಸುವವರೇ ಜಾಸ್ತಿ, ಮತ್ತೆ ಸೇದಲು ಶುರು ಮಾಡುವವರಲ್ಲಿ ಇವರು ಬಹಳ.

ನಿಮ್ಮ ಸ್ಥಿತಿಗೆ ನನ್ನ ಸಲಹೆ: ಪಟ್ಟಿ ಮತ್ತು ಗಮ್, ಇಲ್ಲವೇ ವರೆನಿಕ್ಲಿನ್. ಖರ್ಚು, ಬಿಪಿ ನೋಡಿ ನಿಮ್ಮ ಡಾಕ್ಟರು ತೀರ್ಮಾನ ಮಾಡಲಿ.

ಇ-ಸಿಗರೇಟು ಬೇಡ. ಅದರ ಮಾರಾಟ, ಆಮದು, ಸಂಗ್ರಹ ಎಲ್ಲವೂ ದೇಶದಲ್ಲಿ 2019ರಿಂದ ನಿಷೇಧ. ಕದ್ದು ಬರುವ ಮಾಲಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು. ಗಿಡಮೂಲಿಕೆ ಸಿಗರೇಟೂ ಬೇಡ, ಏನು ಸುಟ್ಟರೂ ಹೊಗೆ ಹೊಗೆಯೇ. ನಮ್ಮ ಕಡೆ ಇವೆರಡಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿದೆ. ಸಿಗರೇಟು ಬಿಡಲು ಗುಟ್ಕಾ ಹಿಡಿಯುವುದು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲೆಯ ಒಂದು ಚೀಟು, ತಂಬಾಕಿನ ಒಂದು ಚೀಟು ಬೇರೆ ಬೇರೆ ಕೊಂಡು ಅಂಗೈಯಲ್ಲೇ ಬೆರೆಸಿ ಬಾಯಿಗೆ ಹಾಕುತ್ತಾರೆ. ನಿಕೋಟಿನ್ ಅದೇ, ಜತೆಗೆ ಬಾಯಿ ತೆರೆಯಲಾಗದ ಕಾಯಿಲೆ ಬೇರೆ. ತಂಬಾಕು ಇಲ್ಲದ ಬರೀ ಅಡಿಕೆ ಕೂಡ ಕ್ಯಾನ್ಸರ್ ತರುತ್ತದೆ. ಬಾಯಿಗೆ ಏನಾದರೂ ಬೇಕು ಅನಿಸಿದರೆ ಸೋಂಪು, ಲವಂಗ, ಏಲಕ್ಕಿ, ಹುರಿಗಡಲೆ ಇದೆಯಲ್ಲ.

ಬಿಟ್ಟ ಮೇಲಿನ ಕೆಲಸ

ಮಾಲೆ ನಿಮಗಾಗಿ ಮಾಡಿಕೊಡುತ್ತಿದ್ದುದನ್ನು ಈಗ ಮಾಲೆ ಇಲ್ಲದೆ ನೀವೇ ಮಾಡಿಕೊಳ್ಳಬೇಕು. ಒಂದು ದಿನ ಕೂತು, ಯಾವ ಯಾವ ಹೊತ್ತಿಗೆ ಸಿಗರೇಟು ಹಚ್ಚುತ್ತೀರಿ ಅಂತ ಬರೆಯಿರಿ. ಹದಿನೈದರಲ್ಲಿ ಹತ್ತು ಸುಮ್ನೆ ಕೈ ಚಪಲಕ್ಕೆ ಅಂತ ನಿಮಗೇ ಕಾಣುತ್ತದೆ. ಉಳಿದ ನಾಲ್ಕೈದು ಕಷ್ಟದವು. ಎದ್ದ ಕೂಡಲೇ, ಹನ್ನೊಂದರ ಚಹಾ, ಊಟದ ನಂತರ, ಸಂಜೆ ಮಾಲು ಲೋಡ್ ಮಾಡಿ ಕಳಿಸಿದ ಮೇಲೆ, ಭಾನುವಾರದ ಗ್ಲಾಸಿನ ಜತೆ. ಈ ಒಂದೊಂದಕ್ಕೂ ಬೇರೆ ಏರ್ಪಾಡು ಬೇಕು.

ಎದ್ದ ಕೂಡಲೇ ಸ್ನಾನ. ಮಾಲೆಯಲ್ಲಿ ಮಾಡಿದ್ದೇ, ಬೇಕಾದರೆ ಬಿಸಿನೀರಲ್ಲಿ ಮಾಡಿ. ಹನ್ನೊಂದರ ಚಹಾ ಯೂನಿಟ್ಟಿಗೇ ತರಿಸಿಕೊಳ್ಳಿ, ಟೈಲರ್‌ಗಳ ಜತೆ ಕುಡಿಯಿರಿ. ಬಟ್ಟೆಯ ರಾಶಿ ನಡುವೆ ಹೇಗೂ ಕಡ್ಡಿ ಗೀರುವಂತಿಲ್ಲ. ಊಟವಾದ ಕೂಡಲೇ ಎದ್ದು ಬಾಯಿ ತೊಳೆದು ಹತ್ತು ನಿಮಿಷ ನಡೆಯಿರಿ. ಸಂಜೆ ಒಗ್ಗರಣೆ ಮಿರ್ಚಿ ಬಿಡಬೇಕಾಗಿಲ್ಲ, ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಹೋಗಿ. ಮೊದಲ ಮೂರು ತಿಂಗಳು ಆ ಚಹಾ ಅಂಗಡಿಯ ಬೆಂಚಿಗೆ ಮಾತ್ರ ಹೋಗಬೇಡಿ. ಗೆಳೆಯರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಬೇರೆ ಕಡೆ ಸಿಗಿ.

ಚಹಾದ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಸಿಗರೇಟಿನ ಹೊಗೆ ಯಕೃತ್ತನ್ನು ಚುರುಕು ಮಾಡಿ ಕೆಫೀನನ್ನು ಬೇಗ ಹೊರಹಾಕಿಸುತ್ತಿರುತ್ತದೆ. ಹೊಗೆ ನಿಂತರೆ ಅಷ್ಟೇ ಚಹಾ, ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಏರುತ್ತದೆ. ಕೈ ನಡುಕ, ಎದೆ ಹೊಡೆದುಕೊಳ್ಳುವುದು, ನಿದ್ದೆ ಇಲ್ಲ. ಜನ ಇದನ್ನು ಸಿಗರೇಟು ಬಿಟ್ಟ ಕಾಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಟ್ಟ ದಿನದಿಂದ ಚಹಾ ಅರ್ಧಕ್ಕೆ ಇಳಿಸಿ.

ಕುಡಿತದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ತಿಂಗಳುಗಟ್ಟಲೆ ಬಿಟ್ಟವರು ಮತ್ತೆ ಹಚ್ಚಿದ ರಾತ್ರಿ ಯಾವುದು ಅಂತ ಕೇಳಿದರೆ ಬಹಳ ಸಲ ಗ್ಲಾಸಿನ ಕಥೆಯೇ ಬರುತ್ತದೆ. ಎರಡು ಪೆಗ್ ಆದ ಮೇಲೆ ಯಾವ ನಿರ್ಧಾರವೂ ನಿಲ್ಲುವುದಿಲ್ಲ. ನೀವು ಭಾನುವಾರ ಕುಡಿಯುವವರಾದರೆ ಮೂರು ತಿಂಗಳು ಪೂರ್ತಿ ಬಂದ್ ಮಾಡಿ. ಮಾಲೆಯಲ್ಲಿ ಸಿಗರೇಟು ಸುಲಭಕ್ಕೆ ಬಿಡಲು ಇದೂ ಒಂದು ಕಾರಣವಾಗಿತ್ತು.

ತಲುಬು ಒಂದು ಬಂದರೆ ಮೂರರಿಂದ ಐದು ನಿಮಿಷ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಗಡಿಯಾರ ನೋಡಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ. ಫೋನಿಗೆ ಯಾರೂ ಸಿಗದಿದ್ದರೆ 1800-11-2356 ಇದೆ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ಸರ್ಕಾರಿ ಸಹಾಯವಾಣಿ ಇದು, ಹಣ ಕಟ್ ಆಗುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗವನ್ನು ಕೇಳಿ, ಆಪ್ತಸಲಹೆ ಉಚಿತ.

ಯಾರಾದರೂ ಸಿಗರೇಟು ಚಾಚಿದರೆ ‘ಬಿಡೋಕೆ ನೋಡ್ತಿದ್ದೀನಿ’ ಅನ್ನಬೇಡಿ. ಅದನ್ನು ಕೇಳಿದವರಿಗೆ ನಿಮ್ಮನ್ನು ಪರೀಕ್ಷೆ ಮಾಡುವ ಆಸೆ ಹುಟ್ಟುತ್ತದೆ. ‘ನಾನು ಸೇದಲ್ಲ’ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಒಂದು ವೇಳೆ ಒಂದು ಸೇದಿಬಿಟ್ಟರೆ? ಆಗಬಹುದು. ಅದನ್ನು ಅಲ್ಲಿಗೇ ಆರಿಸಿ, ಪ್ಯಾಕ್ ಕೊಳ್ಳಬೇಡಿ, ಪಟ್ಟಿ ಅಥವಾ ಮಾತ್ರೆ ನಿಲ್ಲಿಸಬೇಡಿ, ಅದೇ ದಿನ ಮನೆಯಲ್ಲಿ ಹೇಳಿ. ‘ಹೇಗೂ ಕೆಟ್ಟಿತು, ಇನ್ನು ಮುಂದಿನ ಅಮಾವಾಸ್ಯೆಯಿಂದ ನೋಡೋಣ’ ಅನ್ನುವುದೇ ನಿಜವಾದ ಬೀಳು. ನಿಮ್ಮ ವಿಷಯದಲ್ಲಿ ಆ ಅಮಾವಾಸ್ಯೆಯ ಜಾಗದಲ್ಲಿ ಮುಂದಿನ ಮಾಲೆ ಕೂತಿದೆ. ಈ ವರ್ಷ ಮಾಲೆ ಹಾಕುವ ಹೊತ್ತಿಗೆ ನೀವು ಆಗಲೇ ಬಿಟ್ಟಿದ್ದರೆ ಬಹಳ ಒಳ್ಳೆಯದು. ಆದರೂ ಮಾಲೆ ತೆಗೆಯುವ ದಿನಕ್ಕೆ ಮೊದಲೇ ಏರ್ಪಾಡು ಇರಲಿ. ಬರುವಾಗ ಬಸ್ಸಿನಲ್ಲಿ ಯಾರ ಪಕ್ಕ ಕೂರಬೇಕು, ಆ ಸಂಜೆ ಎಲ್ಲಿರಬೇಕು ಅಂತ ಹೋಗುವ ಮುಂಚೆಯೇ ಗೊತ್ತು ಮಾಡಿ. ಆ ಒಂದು ವಾರ ಜೇಬಿನಲ್ಲಿ ಗಮ್ ಇರಲಿ.

ತೂಕ ಏರುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಸರಾಸರಿ ನಾಲ್ಕೈದು ಕೆಜಿ. ಅದಕ್ಕೆ ಹೆದರಿ ಸೇದುವುದು ನಷ್ಟದ ವ್ಯಾಪಾರ. ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಜಾಸ್ತಿ ಆಗಬಹುದು. ಶ್ವಾಸನಾಳ ತನ್ನನ್ನು ತಾನು ಗುಡಿಸಿಕೊಳ್ಳಲು ಶುರು ಮಾಡಿದೆ ಅಂತ ಅರ್ಥ. ಆದರೆ ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಬಂದರೆ ಕಾಯದೆ ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸಿ. ಸೇದುವವರಿಗೆ ಕ್ಷಯದ ಅಪಾಯವೂ ಜಾಸ್ತಿ.

ನಿಮ್ಮ ತಂದೆಯವರ ವಿಷಯ

ಉಪಯೋಗ ಇದೆ. ಬ್ರಿಟನ್ನಿನಲ್ಲಿ ಡಾಕ್ಟರುಗಳನ್ನೇ 1951ರಿಂದ 50 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ ಒಂದಿದೆ. ಸೇದುತ್ತಲೇ ಇದ್ದವರಿಗಿಂತ, ನಲವತ್ತಕ್ಕೆ ಬಿಟ್ಟವರು ಸರಾಸರಿ ಒಂಬತ್ತು ವರ್ಷ ಹೆಚ್ಚು ಬದುಕಿದರು. ಅರವತ್ತಕ್ಕೆ ಬಿಟ್ಟವರಿಗೂ ಮೂರು ವರ್ಷ ಹೆಚ್ಚು ಸಿಕ್ಕಿತು. ನಿಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ, ಅವರಿಗೆ ವರ್ಷದ ಲೆಕ್ಕಕ್ಕಿಂತ ಉಸಿರಿನ ಲೆಕ್ಕ ಮುಖ್ಯ. ಹೋದ ಶ್ವಾಸಕೋಶ ವಾಪಸ್ ಬರುವುದಿಲ್ಲ. ಆದರೆ ಬೀಡಿ ನಿಂತರೆ ಇನ್ನು ಮುಂದೆ ಹಾಳಾಗುವ ವೇಗ ತಗ್ಗುತ್ತದೆ. ಪಡಸಾಲೆಯಿಂದ ಬಚ್ಚಲಿಗೆ ನಡೆದು ಹೋಗುವುದು, ಯಾರ ಕೈ ಹಿಡಿಯದೆ ಸ್ನಾನ ಮಾಡುವುದು ಇನ್ನಷ್ಟು ದಿನ ಸಾಧ್ಯವಾಗುತ್ತದೆ. ಬೀಡಿ ಎಲೆಯದ್ದು, ಅದು ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ಅವರು ಹೇಳಬಹುದು. ಬೀಡಿ ಆರದಿರಲು ಜಾಸ್ತಿ ಸಲ, ಜೋರಾಗಿ ಎಳೆಯಬೇಕು. ಹಾಗಾಗಿ ಹೊಗೆಯೇನೂ ಕಡಿಮೆ ಹೋಗುವುದಿಲ್ಲ.

ಮನೆಯಲ್ಲಿ ಅವರಿಗೆ ಗದರಬೇಡಿ, ಬೀಡಿ ಕಟ್ಟು ಬಚ್ಚಿಡಬೇಡಿ. ಹಟ ಬರುತ್ತದೆ ಅಷ್ಟೇ. ‘ಅಪ್ಪಾ, ನಾನು ಬಿಡ್ತಿದ್ದೀನಿ, ನೀನೂ ಜತೆಗೆ ಬಾ’ ಅಂತ ಕೇಳಿ ನೋಡಿ.

ಅವರು ಒಪ್ಪಿದರೆ ಬಿಡುವ ಮುಂಚೆ ಅವರು ನುಂಗುವ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ. ನಮ್ಮ ಭಾಗದಲ್ಲಿ ದಮ್ಮಿಗೆ ಡೆರಿಫಿಲಿನ್ ತರಹದ ಥಿಯೋಫಿಲಿನ್ ಇರುವ ಮಾತ್ರೆ ಬಹಳ ಜನ ವರ್ಷಗಟ್ಟಲೆ ನುಂಗುತ್ತಾರೆ. ಚಹಾದ ವಿಷಯದಲ್ಲಿ ಹೇಳಿದೆನಲ್ಲ, ಇಲ್ಲೂ ಅದೇ. ಹೊಗೆ ನಿಂತ ಒಂದು ವಾರದೊಳಗೆ ಈ ಔಷಧಿ ರಕ್ತದಲ್ಲಿ ಏರುತ್ತದೆ. ವಾಂತಿ, ಎದೆಬಡಿತ, ಕೈ ನಡುಕ, ಜಾಸ್ತಿಯಾದರೆ ಫಿಟ್ಸ್ ಕೂಡ. ಸಾಮಾನ್ಯವಾಗಿ ಡೋಸು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಸಬೇಕಾಗುತ್ತದೆ. ಅದನ್ನು ನೀವಾಗಿ ಮಾಡಬೇಡಿ, ಮಾತ್ರೆ ಕೊಟ್ಟ ಡಾಕ್ಟರನ್ನೇ ಕೇಳಿ. ನಿದ್ದೆಗೆ, ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅವುಗಳಲ್ಲೂ ಕೆಲವು ಹೀಗೇ ಏರುತ್ತವೆ. ಇಬ್ಬರೂ ಒಂದೇ ದಿನ ಬರುವುದಾದರೆ ಹಳೇ ಚೀಟಿ, ಎಕ್ಸ್‌ರೇ ಮತ್ತು ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ.